ಆಲ್ ಇಂಗ್ಲೆಂಡ್ ಪಟ್ಟಿಯಲ್ಲಿ ಕರಾವಳಿಯ ಒಂದು ಊರು

ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಒಂದು ಸಂಜೆ ಶಾಲೆಯಿಂದ ಬಂದವಳೇ, "ಅಪ್ಪಾ, ಪ್ರಕಾಶ್ ಪಡುಕೋಣೆ ಅಂದರೆ ದೀಪಿಕಾ ಪಡುಕೋಣೆಯ ಅಪ್ಪ ಅಲ್ವಾ? ಅವರು ಏನು ಮಾಡಿದ್ದರು?" ಎಂದು ಕೇಳಿದಳು. ಶಾಲೆಯಲ್ಲಿ ರಸಪ್ರಶ್ನೆ ಇತ್ತಂತೆ. ಮೊದಲು ನಗು ಬಂತು, ಆಮೇಲೆ ಸ್ವಲ್ಪ ಬೇಸರವೂ ಆಯಿತು. ನನ್ನ ಅಪ್ಪನ ಕಾಲದವರಿಗೆ ಈ ಹೆಸರನ್ನು ವಿವರಿಸಬೇಕಾಗಿರಲಿಲ್ಲ.

ಅಂದು ರಾತ್ರಿ ಅಪ್ಪನ ಹಳೆಯ ಟ್ರಂಕನ್ನು ತೆರೆದೆ. ಭೂಕಂದಾಯದ ರಶೀದಿಗಳ ಅಡಿಯಲ್ಲಿ ಅವರ ಒಂದು ನೋಟುಪುಸ್ತಕವಿದೆ. ಅದರ ಹಿಂಬದಿಯ ಪುಟಗಳಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪಂದ್ಯಾಟದ ಪುರುಷರ ಸಿಂಗಲ್ಸ್ ಚಾಂಪಿಯನ್ನರ ಹೆಸರುಗಳನ್ನು ಅವರು ವರ್ಷವಾರು ಬರೆದಿಟ್ಟಿದ್ದಾರೆ. ಅಪ್ಪ ಕನ್ನಡ ಶಾಲೆಯ ಮಾಸ್ತರಾಗಿದ್ದರು. 1980ರ ಸಾಲಿನ ಕೆಳಗೆ ಕೆಂಪು ಶಾಯಿಯ ಗೆರೆ ಇದೆ. ಅವರು ನಿಲ್ಲಿಸಿದ ಮೇಲೆ ಆ ಪಟ್ಟಿಯನ್ನು ನಾನು ಮುಂದುವರಿಸಿಕೊಂಡು ಬಂದಿದ್ದೇನೆ. ಬ್ಯಾಂಕಿನ ಗುಮಾಸ್ತನಿಗೆ ಪಟ್ಟಿ ಅರ್ಧಕ್ಕೆ ನಿಂತರೆ ಸಮಾಧಾನವಿರುವುದಿಲ್ಲ.

ಅಂಗಣದಲ್ಲಿ ಬಲೆ ಕಟ್ಟಿ ಆಡುವ ಆಟಗಳಲ್ಲಿ ಜಗತ್ತು ಹೆಚ್ಚು ಬಲ್ಲ ಪಟ್ಟಿ ವಿಂಬಲ್ಡನ್ ಟೆನಿಸಿನದು. ಅಲ್ಲಿ ಪುರುಷರ ಸಿಂಗಲ್ಸ್ ಆರಂಭವಾದದ್ದು 1877ರಲ್ಲಿ. ಭಾರತದ ರಾಮನಾಥನ್ ಕೃಷ್ಣನ್ 1960 ಮತ್ತು 1961ರಲ್ಲಿ ಸೆಮಿಫೈನಲಿನವರೆಗೆ ಹೋಗಿದ್ದರು. ಆದರೆ ವಿಜೇತರ ಪಟ್ಟಿಯಲ್ಲಿ ನಮ್ಮವರ ಹೆಸರಿಲ್ಲ. ನಮ್ಮ ಜಿಲ್ಲೆಯ ಪೂರ್ವಗಡಿಗೆ ತಾಗಿಕೊಂಡಿರುವ ಕೊಡಗಿನಲ್ಲಿ ಬೆಳೆದ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಗೆದ್ದರು, ಅದು ಡಬಲ್ಸಿನಲ್ಲಿ. ಒಬ್ಬನೇ ನಿಂತು ಆಡುವ ಸಿಂಗಲ್ಸಿನಲ್ಲಿ ನಮ್ಮ ಕರಾವಳಿಯ ಹೆಸರೊಂದನ್ನು ಹುಡುಕಬೇಕಾದರೆ ಟೆನಿಸನ್ನು ಬಿಟ್ಟು ಅದರ ನೆರೆಮನೆಯ ಆಟವಾದ ಬ್ಯಾಡ್ಮಿಂಟನ್ನಿಗೆ, ನಾವೆಲ್ಲ 'ಶಟ್ಲ್' ಎನ್ನುವ ಆಟಕ್ಕೆ, ಬರಬೇಕು. ಆ ಪಟ್ಟಿಯ ಕಥೆಯನ್ನು ನನ್ನ ಮಗಳಿಗೆ ಹೇಳಿದಂತೆಯೇ ಇಲ್ಲಿಯೂ ಹೇಳುತ್ತೇನೆ. ಹೇಳುವುದಕ್ಕೆ ನಮ್ಮ ಊರಿನದೇ ಆದ ಇನ್ನೊಂದು ಕಾರಣವೂ ಇದೆ. ಅದು ಕೊನೆಯಲ್ಲಿ ಬರುತ್ತದೆ.

ಪಟ್ಟಿಯ ಆರಂಭ

ಬ್ಯಾಡ್ಮಿಂಟನ್ ಎಂಬ ಹೆಸರು ಇಂಗ್ಲೆಂಡಿನದು. ಗ್ಲಾಸ್ಟರ್‌ಶೈರಿನಲ್ಲಿ ಬ್ಯೂಫೋರ್ಟ್ ಡ್ಯೂಕರ ಬಂಗಲೆಯ ಹೆಸರೇ ಆಟಕ್ಕೆ ಅಂಟಿಕೊಂಡಿತು. ಆದರೆ ಆಟಕ್ಕೆ ನಿಯಮಗಳನ್ನು ಕಟ್ಟಿದ್ದರಲ್ಲಿ ನಮ್ಮ ದೇಶದ ಪಾಲು ದೊಡ್ಡದು. ಬ್ರಿಟಿಷ್ ಸೇನೆಯ ಅಧಿಕಾರಿಗಳು ಪುಣೆಯಲ್ಲಿ ಇದನ್ನು ಆಡುತ್ತಿದ್ದರು. 1870ರ ದಶಕದಲ್ಲಿ ನಿಯಮಗಳು ಬರಹಕ್ಕೆ ಇಳಿದದ್ದು ಅಲ್ಲಿಯೇ. ಹಾಗಾಗಿ ಈ ಆಟಕ್ಕೆ 'ಪೂನಾ' ಎಂಬ ಹೆಸರೂ ಇತ್ತು. ರಜೆಯಲ್ಲಿ ಊರಿಗೆ ಮರಳಿದ ಅಧಿಕಾರಿಗಳು ಆಟವನ್ನೂ ತಮ್ಮ ಜತೆ ಕೊಂಡುಹೋದರು.

ಮೊದಲ ಆಲ್ ಇಂಗ್ಲೆಂಡ್ ಪಂದ್ಯಾಟ 1899ರ ಏಪ್ರಿಲ್ 4ರಂದು ಲಂಡನ್ನಿನಲ್ಲಿ ನಡೆಯಿತು. ನಡೆದದ್ದು ಕ್ರೀಡಾಂಗಣದಲ್ಲಲ್ಲ, ಸೈನಿಕರು ಕವಾಯತು ಮಾಡುವ ಒಂದು ಹಾಲಿನಲ್ಲಿ. ಆ ವರ್ಷ ಡಬಲ್ಸ್ ಮಾತ್ರ. ಸಿಂಗಲ್ಸ್ ಸೇರಿಕೊಂಡದ್ದು 1900ರಲ್ಲಿ. ಅಪ್ಪನ ನೋಟುಪುಸ್ತಕದ ಮೊದಲ ಸಾಲು ಹೀಗಿದೆ: 1900 — ಸಿಡ್ನಿ ಸ್ಮಿತ್. ಆಗ ಅಂಗಣವೇ ಇಂದಿನಂತೆ ಚೌಕಟ್ಟಾಗಿರಲಿಲ್ಲ. ನಡುವಿನಲ್ಲಿ, ಬಲೆಯ ಬಳಿ, ಸೊಂಟ ಸಣ್ಣದಾಗಿ ಡಮರುವಿನ ಆಕಾರದಲ್ಲಿತ್ತು. ನೇರ ಗೆರೆಗಳ ಅಂಗಣ ನಿಯಮವಾದದ್ದು 1901ರಲ್ಲಿ.

ಮೊದಲ 15 ವರ್ಷ ಈ ಪಟ್ಟಿ ಇಂಗ್ಲೆಂಡಿನ ಕೆಲವು ಕ್ಲಬ್ಬುಗಳ ಒಳಗೇ ಸುತ್ತಿತು. ಹೆನ್ರಿ ಮಾರೆಟ್, ಫ್ರಾಂಕ್ ಚೆಸ್ಟರ್ಟನ್, ಗೈ ಸೌಟರ್ ಈ ಮೂವರೂ ತಲಾ ಮೂರು ಬಾರಿ ಗೆದ್ದರು. 1915ರಿಂದ 1919ರವರೆಗೆ ಅಪ್ಪ ಒಂದೇ ಪದ ಬರೆದಿದ್ದಾರೆ: 'ಯುದ್ಧ'. 1940ರಿಂದ 1946ರವರೆಗೂ ಅದೇ ಪದ.

ಯುದ್ಧ ಮುಗಿದ ಮೇಲಿನ ಮೊದಲ ಹೆಸರು ಸರ್ ಜಾರ್ಜ್ ಥಾಮಸ್. 1920ರಿಂದ 1923ರವರೆಗೆ ಸತತ ನಾಲ್ಕು ವರ್ಷ ಚಾಂಪಿಯನ್. ಇವರು ಟೆನಿಸನ್ನೂ ಆಡಿದವರು, ಚದುರಂಗದಲ್ಲಂತೂ ಹೆಸರಾಂತ ಆಟಗಾರ. 1934ರಲ್ಲಿ ಅಂತಾರಾಷ್ಟ್ರೀಯ ಬ್ಯಾಡ್ಮಿಂಟನ್ ಸಂಸ್ಥೆ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದರು. ದೇಶ ದೇಶಗಳ ತಂಡಗಳಿಗೆ ಒಂದು ಪಂದ್ಯಾಟ ಬೇಕೆಂದು ಬಟ್ಟಲನ್ನು ಕೊಟ್ಟವರೂ ಇವರೇ. ಅದುವೇ ಥಾಮಸ್ ಕಪ್. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ.

ಅನಂತರ ಐರ್ಲೆಂಡಿನ ಫ್ರಾಂಕ್ ಡೆವ್ಲಿನ್. 1925ರಿಂದ 1929ರವರೆಗೆ ಐದು ಬಾರಿ, 1931ರಲ್ಲಿ ಮತ್ತೊಮ್ಮೆ. ಇವರ ಮಗಳು ಜೂಡಿ ಮುಂದೆ ಇದೇ ಪಂದ್ಯಾಟದ ಮಹಿಳೆಯರ ಸಿಂಗಲ್ಸನ್ನು ಹತ್ತು ಬಾರಿ ಗೆದ್ದಳು. ಆರು ಬಾರಿ ಗೆದ್ದ ಅಪ್ಪ ಕಡೆಗೆ 'ಜೂಡಿಯ ಅಪ್ಪ' ಎನಿಸಿಕೊಂಡಿರಬೇಕು! ದೀಪಿಕಾಳ ಅಪ್ಪನ ಕಥೆ ಲೋಕದಲ್ಲಿ ಹೊಸದಲ್ಲ ಎಂದು ಮಗಳಿಗೆ ಹೇಳಿದಾಗ ಅವಳು ನಕ್ಕಳು.

ಪೂರ್ವದ ಕಡೆಗೆ ತಿರುಗಿದ ಪಟ್ಟಿ

1939ರಲ್ಲಿ ಡೆನ್ಮಾರ್ಕಿನ ಟಾಗೆ ಮ್ಯಾಡ್ಸನ್ ಗೆದ್ದದ್ದು ಒಂದು ತಿರುವು. ಎರಡನೆಯ ಮಹಾಯುದ್ಧದ ನಂತರ ಪಟ್ಟಿಯ ಬಣ್ಣವೇ ಬದಲಾಯಿತು. 1947ರಲ್ಲಿ ಸ್ವೀಡನ್, 1948ರಲ್ಲಿ ಡೆನ್ಮಾರ್ಕ್, 1949ರಲ್ಲಿ ಅಮೆರಿಕ.

ಈ ಮೂರರಲ್ಲಿ 1947ರ ಸಾಲಿನ ಪಕ್ಕದಲ್ಲಿ ಅಪ್ಪ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಹೆಸರು ಬರೆದಿದ್ದಾರೆ, ಸೋತವನ ಹೆಸರು: ಪ್ರಕಾಶ್ ನಾಥ್, ಲಾಹೋರ್. ಆಲ್ ಇಂಗ್ಲೆಂಡ್ ಸಿಂಗಲ್ಸ್ ಫೈನಲಿಗೆ ಬಂದ ಮೊದಲ ಭಾರತೀಯ ಇವರು. ಅದು ದೇಶ ಎರಡಾಗುವುದಕ್ಕೆ ಕೆಲವೇ ತಿಂಗಳು ಮುಂಚಿನ ಮಾರ್ಚ್ ತಿಂಗಳು. ಪಂಜಾಬಿನಲ್ಲಿ ಗಲಭೆ ಹೊತ್ತಿಕೊಂಡಿತ್ತು. ಫೈನಲಿನ ದಿನ ಲಂಡನ್ನಿನ ಪತ್ರಿಕೆಯಲ್ಲಿ ತನ್ನ ಊರು ಉರಿಯುತ್ತಿರುವ ಸುದ್ದಿಯನ್ನು ಕಂಡು ಮನಸ್ಸು ಆಟದಲ್ಲಿ ನಿಲ್ಲಲಿಲ್ಲ ಎಂದು ಅವರು ಮುಂದೆ ಹೇಳಿಕೊಂಡಿದ್ದುಂಟು. ಸ್ವೀಡನ್ನಿನ ಕಾನಿ ಯೆಪ್ಸನ್ ಎದುರು ನೇರ ಗೇಮುಗಳಲ್ಲಿ ಸೋತರು. ಆಗಸ್ಟಿನಲ್ಲಿ ಲಾಹೋರ್ ಗೆರೆಯ ಆಚೆಗಾಯಿತು. ಮನೆ ಹೋಯಿತು, ಆಟವೂ ದೂರವಾಯಿತು.

ಗಡಿಯಲ್ಲಿ ಬದುಕುವ ನಾವು ಈ ಸಾಲನ್ನು ಬೇರೆಯವರಿಗಿಂತ ಸ್ವಲ್ಪ ನಿಧಾನವಾಗಿ ಓದುತ್ತೇವೆ. ನಮ್ಮ ಗೆರೆಯನ್ನು ಎಳೆದದ್ದು ಕಾಗದದ ಮೇಲೆ. ನಮ್ಮಲ್ಲಿ ಅಂತಹ ಬೆಂಕಿ ಬೀಳಲಿಲ್ಲ, ಪುಣ್ಯ. ಆದರೆ ನಾವು ಕದಲದಿದ್ದರೂ ನಮ್ಮ ಮನೆಯ ವಿಳಾಸ ಬದಲಾಗಬಹುದು ಎಂಬುದು ನಮಗೆ ಗೊತ್ತು.

1950ರಲ್ಲಿ ಮಲಯಾದ ವಾಂಗ್ ಪೆಂಗ್ ಸೂನ್ ಗೆದ್ದರು. ಏಷ್ಯಾದ ಮೊದಲ ಪುರುಷರ ಸಿಂಗಲ್ಸ್ ಚಾಂಪಿಯನ್. ಆಗ ಮಲಯಾ ಇನ್ನೂ ಬ್ರಿಟಿಷರ ಕೈಯಲ್ಲಿತ್ತು. ಆಳುವವರ ಆಟದಲ್ಲಿ ಆಳಿಸಿಕೊಳ್ಳುವವರು ಅವರ ಊರಿನಲ್ಲಿಯೇ ಗೆಲ್ಲತೊಡಗಿದರು. ವಾಂಗ್ ನಾಲ್ಕು ಬಾರಿ, ಅವರ ಬೆನ್ನಿಗೆ ಪೆನಾಂಗಿನ ಗಿಡ್ಡ ಆಳು ಎಡ್ಡಿ ಚೂಂಗ್ ನಾಲ್ಕು ಬಾರಿ. 1950ರಿಂದ 1957ರವರೆಗಿನ ಎಂಟು ವರ್ಷಗಳಲ್ಲಿ ಈ ಇಬ್ಬರ ಹೆಸರಲ್ಲದೆ ಮೂರನೆಯದಿಲ್ಲ. ಆಮೇಲೆ ಡೆನ್ಮಾರ್ಕಿನ ಎರ್ಲಾಂಡ್ ಕಾಪ್ಸ್ 1958ರಿಂದ 1967ರ ನಡುವೆ ಏಳು ಬಾರಿ ಗೆದ್ದರು. ಅದನ್ನು ಮೀರಿಸಿದವರು ಇಂಡೋನೇಷ್ಯಾದ ರೂಡಿ ಹಾರ್ತೊನೊ. 1968ರಿಂದ 1974ರವರೆಗೆ ಸತತ ಏಳು, 1976ರಲ್ಲಿ ಎಂಟನೆಯದು. ಅಪ್ಪ ಈ ಏಳು ವರ್ಷಗಳಿಗೆ ಹೆಸರನ್ನು ಒಮ್ಮೆ ಬರೆದು ಕೆಳಗೆ ಆರು ಕಡೆ 'ಅದೇ' ಎಂದು ಹಾಕಿದ್ದಾರೆ.

ಈ ಅವಧಿಯಲ್ಲಿ ಭಾರತದವರು ಸುಮ್ಮನಿರಲಿಲ್ಲ. ನಂದು ನಾಟೇಕರ್ 1954ರಲ್ಲಿ ಆಲ್ ಇಂಗ್ಲೆಂಡಿನ ಕ್ವಾರ್ಟರ್ ಫೈನಲಿಗೆ ಹೋದರು. 1956ರಲ್ಲಿ ಕೌಲಾಲಂಪುರದಲ್ಲಿ ಗೆದ್ದು ವಿದೇಶದಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. ದಿನೇಶ್ ಖನ್ನಾ 1965ರಲ್ಲಿ ಏಷ್ಯಾದ ಚಾಂಪಿಯನ್ ಆದರು, ಮರುವರ್ಷ ಆಲ್ ಇಂಗ್ಲೆಂಡ್ ಸೆಮಿಫೈನಲ್ ಮುಟ್ಟಿದರು. ಬಾಗಿಲವರೆಗೆ ಹೋದವರಿದ್ದರು. ಒಳಗೆ ಹೋಗಿ ಗೋಡೆಯ ಮೇಲೆ ಹೆಸರು ಬರೆಸಿದವರು ಇರಲಿಲ್ಲ.

ಮಲ್ಲೇಶ್ವರದ ಸಭಾಭವನ

ಕುಂದಾಪುರದಿಂದ ಉತ್ತರಕ್ಕೆ, ಮರವಂತೆಗೆ ಹತ್ತಿರ, ಸೌಪರ್ಣಿಕಾ ನದಿಯ ಮಗ್ಗುಲಲ್ಲಿ ಪಡುಕೋಣೆ ಎಂಬ ಹಳ್ಳಿ ಇದೆ. ಪಡು ಎಂದರೆ ಪಶ್ಚಿಮ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆ ಊರಿನ ಹೆಸರನ್ನು ಮನೆತನದ ಹೆಸರಾಗಿ ಹೊತ್ತ ಕುಟುಂಬವೊಂದರಲ್ಲಿ, 1955ರ ಜೂನ್ 10ರಂದು, ಬೆಂಗಳೂರಿನಲ್ಲಿ ಪ್ರಕಾಶ್ ಹುಟ್ಟಿದರು. ಮನೆಮಾತು ಕೊಂಕಣಿ. ನಮ್ಮ ಓದುಗರಿಗೆ ಒಂದು ಸಂಗತಿಯನ್ನು ನೆನಪಿಸಬೇಕು. ಅಂದು ಪಡುಕೋಣೆಯೂ ನಮ್ಮ ಕಾಸರಗೋಡೂ ಒಂದೇ ಜಿಲ್ಲೆಯಲ್ಲಿದ್ದವು, ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಮಗುವಿಗೆ ಒಂದೂವರೆ ವರ್ಷ ತುಂಬುವ ಮೊದಲೇ, 1956ರ ನವೆಂಬರ್ 1ರಂದು, ಆ ಜಿಲ್ಲೆ ಎರಡಾಯಿತು. ಪಡುಕೋಣೆ ಮೈಸೂರು ರಾಜ್ಯಕ್ಕೆ ಸೇರಿತು, ನಾವು ಕೇರಳಕ್ಕೆ ಸೇರಿದೆವು.

ತಂದೆ ರಮೇಶ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿ ಬಹಳ ವರ್ಷ ದುಡಿದವರು. ಮನೆಯಲ್ಲಿ ರ‍್ಯಾಕೆಟ್ ಇತ್ತು. ಇಲ್ಲದಿದ್ದದ್ದು ಅಂಗಣ. ಅಂದಿನ ಬೆಂಗಳೂರಿನಲ್ಲಿ ಮಕ್ಕಳಿಗೆ ತರಬೇತಿ ಕೊಡುವ ಬ್ಯಾಡ್ಮಿಂಟನ್ ಅಂಗಣಗಳು ಇರಲಿಲ್ಲ. ಮಲ್ಲೇಶ್ವರದಲ್ಲಿ ಮನೆಯ ಹತ್ತಿರ ಕೆನರಾ ಯೂನಿಯನ್ ಎಂಬ ಸಂಘದ ಸಭಾಭವನವಿತ್ತು. ಅಲ್ಲಿ ಮದುವೆಗಳು ನಡೆಯುತ್ತಿದ್ದವು. ಮದುವೆ ಇಲ್ಲದ ದಿನ ಅದೇ ಬ್ಯಾಡ್ಮಿಂಟನ್ ಅಂಗಣ. ಇಂದು ಹಾಲಿನಲ್ಲಿ ಸಮಾರಂಭ ಇದೆಯೋ ಇಲ್ಲವೋ ಎಂದು ಹುಡುಗರು ದಿನವೂ ಕಾಯುತ್ತಿದ್ದರು. ಇಲ್ಲವೆಂದು ತಿಳಿದರೆ ಶಾಲೆ ಬಿಟ್ಟೊಡನೆ ಅಲ್ಲಿಗೆ ಓಡುತ್ತಿದ್ದರು. ಆಟದ ವಿಷಯದಲ್ಲಿ ತಾನು ಕಲಿತದ್ದೆಲ್ಲ ಆ ಕಲ್ಯಾಣ ಮಂಟಪದಲ್ಲಿ ಎಂದು ಪ್ರಕಾಶ್ ಮುಂದೆ ತಮ್ಮ ಹೆಣ್ಣುಮಕ್ಕಳಿಗೆ ಬರೆದ ಪತ್ರದಲ್ಲಿ ಹೇಳಿದ್ದಾರೆ.

ಈ ಸಭಾಭವನವನ್ನು ಯಾರು ಕಟ್ಟಿದರು ಎಂಬುದನ್ನು ಗಮನಿಸಬೇಕು. ಹೆಸರೇ ಹೇಳುವಂತೆ, ಕೆನರಾ ಸೀಮೆಯಿಂದ ಬೆಂಗಳೂರಿಗೆ ಹೋಗಿ ನೆಲೆಸಿದವರ ಸಂಘ ಅದು. ಬೇರೆ ಊರಿಗೆ ಹೋದವರು, ಅಲ್ಲಿನ ಜನಸಾಗರದಲ್ಲಿ ಕೆಲವೇ ಮಂದಿಯಾಗಿದ್ದವರು, ತಮ್ಮವರು ಒಂದೆಡೆ ಸೇರಲೆಂದು, ತಮ್ಮ ಮಕ್ಕಳ ಮದುವೆ ಮುಂಜಿಗಳಿಗೆ ಆಗಲೆಂದು ಮಾಡಿಕೊಂಡ ಒಂದು ಸೂರು. ಅವರು ಚಾಂಪಿಯನ್ನರನ್ನು ತಯಾರಿಸಲು ಹೊರಟವರಲ್ಲ. ಮಾಡಿದ್ದಿಷ್ಟೇ: ಮದುವೆ ಇಲ್ಲದ ದಿನ ಬಾಗಿಲಿಗೆ ಬೀಗ ಹಾಕದೆ ಮಕ್ಕಳನ್ನು ಒಳಗೆ ಬಿಟ್ಟರು.

1962ರಲ್ಲಿ ರಾಜ್ಯ ಜೂನಿಯರ್ ಪಂದ್ಯಾಟದ ಮೊದಲ ಸುತ್ತಿನಲ್ಲಿಯೇ ಸೋತ ಏಳು ವರ್ಷದ ಹುಡುಗ ಎರಡು ವರ್ಷದ ನಂತರ ಅದೇ ಪ್ರಶಸ್ತಿಯನ್ನು ಗೆದ್ದ. 16ನೆಯ ವಯಸ್ಸಿನಲ್ಲಿ ರಾಷ್ಟ್ರೀಯ ಜೂನಿಯರ್ ಮತ್ತು ಸೀನಿಯರ್ ಪ್ರಶಸ್ತಿಗಳೆರಡನ್ನೂ ಒಟ್ಟಿಗೆ ಪಡೆದರು. ಅಲ್ಲಿಂದ ಸತತ ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್. 1972ರಲ್ಲಿ ಅರ್ಜುನ ಪ್ರಶಸ್ತಿ, 1978ರಲ್ಲಿ ಕೆನಡಾದ ಎಡ್ಮಂಟನ್ನಿನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ. ಆ ದಿನಗಳಲ್ಲಿ ಅವರೂ ಒಂದು ಬ್ಯಾಂಕಿನ ಉದ್ಯೋಗಿ ಎಂಬುದನ್ನು ನಮ್ಮ ಶಾಖೆಯಲ್ಲಿ ನಾನು ಆಗಾಗ ಹೇಳುವುದುಂಟು. ಗೆಳೆಯರು ನನ್ನ ಹೊಟ್ಟೆಯ ಕಡೆ ನೋಡಿ ನಗುತ್ತಾರೆ.

1980ರ ಮಾರ್ಚ್ 23

1980ರ ಮಾರ್ಚ್ ತಿಂಗಳಲ್ಲಿ ಪ್ರಕಾಶ್ ಡೆನ್ಮಾರ್ಕಿನ ಓಪನ್ ಗೆದ್ದರು, ಸ್ವೀಡನ್ನಿನ ಓಪನ್ ಗೆದ್ದರು. ಅಲ್ಲಿಂದ ಲಂಡನ್ನಿನ ವೆಂಬ್ಲಿಗೆ ಬಂದರು. ವಿಶ್ವ ಚಾಂಪಿಯನ್‌ಶಿಪ್ ಎಂಬುದು ಆರಂಭವಾದದ್ದೇ 1977ರಲ್ಲಿ. ಅಲ್ಲಿಯವರೆಗೆ ಆಲ್ ಇಂಗ್ಲೆಂಡ್ ಗೆದ್ದವನನ್ನೇ ಜಗತ್ತು ವಿಶ್ವ ಚಾಂಪಿಯನ್ ಎಂದು ತಿಳಿಯುತ್ತಿತ್ತು. 1980ರಲ್ಲಿಯೂ ಆ ಗೌರವ ಇಳಿದಿರಲಿಲ್ಲ.

ಫೈನಲಿನಲ್ಲಿ ಎದುರಾಳಿ ಇಂಡೋನೇಷ್ಯಾದ ಲಿಯೆಮ್ ಸ್ವಿ ಕಿಂಗ್. 1978, 1979 ಎರಡು ವರ್ಷವೂ ಗೆದ್ದವರು. ನೆಗೆದು ಮೇಲಿನಿಂದ ಬಡಿಯುವ ಅವರ ಹೊಡೆತಕ್ಕೆ 'ಕಿಂಗ್ ಸ್ಮ್ಯಾಶ್' ಎಂದೇ ಹೆಸರು. ಅಂತಹ ಹೊಡೆತಕ್ಕೆ ಶಟ್ಲ್ ಎತ್ತರದಲ್ಲಿ, ಕೈಗೆ ಎಟಕುವಲ್ಲಿ ಸಿಗಬೇಕು. ಪ್ರಕಾಶ್ ಅದನ್ನು ಸಿಗಗೊಡಲಿಲ್ಲ. ಆಟದ ವೇಗವನ್ನು ಇಳಿಸಿದರು. ಒಮ್ಮೆ ಹಿಂದಿನ ಗೆರೆಗೆ ಎತ್ತಿ ಹಾಕುವುದು, ಮತ್ತೊಮ್ಮೆ ಅದೇ ಕೈಬೀಸಿನಲ್ಲಿ ಬಲೆಯ ಹತ್ತಿರಕ್ಕೆ ಮೆಲ್ಲನೆ ಇಳಿಸುವುದು. ಬಡಿಯುತ್ತಾರೆ ಎಂದು ಎದುರಾಳಿ ಕಾದು ನಿಂತಾಗ ಅರ್ಧ ಬಲದಲ್ಲಿ ತಟ್ಟಿಬಿಡುವುದು. ಹಕ್ಕಿಯ 16 ಗರಿಗಳ ಆ ಶಟ್ಲಿನ ತೂಕ ಐದು ಗ್ರಾಮಿನ ಆಸುಪಾಸು. ಅದನ್ನು ಬಲದಿಂದ ಬಡಿಯುವವರು ಲೋಕದಲ್ಲಿ ಬಹಳ ಜನ. ಎಲ್ಲಿ ಬೇಕೋ ಅಲ್ಲಿ ಇಡಬಲ್ಲವರು ಕೆಲವರು. ಸರ್ವಿಸ್ ಮಾಡಿದವನಿಗೆ ಮಾತ್ರ ಅಂಕ ಸಿಗುವ ಹಳೆಯ ಲೆಕ್ಕದಲ್ಲಿ 15-3, 15-10. ಎರಡೇ ಗೇಮುಗಳಲ್ಲಿ ಮುಗಿಯಿತು. ಪಟ್ಟಿಯಲ್ಲಿ ಮೊದಲ ಭಾರತೀಯ ಹೆಸರು ಬಂತು.

ಅದು ಭಾನುವಾರ. ನಮ್ಮ ಮನೆಯಲ್ಲಿ ಸುದ್ದಿ ಗೊತ್ತಾದದ್ದು ಮರುದಿನ ಬೆಳಗ್ಗೆ, ರೇಡಿಯೋದ ಕನ್ನಡ ವಾರ್ತೆಯಲ್ಲಿ. ನಾನು ಆಗ ತೊಟ್ಟಿಲ ಮಗು, ನನಗೇನೂ ಗೊತ್ತಿಲ್ಲ. ಅಪ್ಪ ಹೇಳಿದ್ದನ್ನು ಬರೆಯುತ್ತೇನೆ. ಪರೀಕ್ಷೆಯ ಸಮಯ. ಅಪ್ಪ ತರಗತಿಗೆ ಹೋಗಿ ಕರಿಹಲಗೆಯ ಮೇಲೆ 'ಪಡುಕೋಣೆ' ಎಂದು ದೊಡ್ಡದಾಗಿ ಬರೆದು, ಇದು ಎಲ್ಲಿದೆ ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಗೋಡೆಯಲ್ಲಿ ತೂಗುಹಾಕಿದ್ದದ್ದು ಕೇರಳದ ನಕ್ಷೆ. ಅದು ಮಂಜೇಶ್ವರಕ್ಕೆ ಮುಗಿಯುತ್ತದೆ. ಅಪ್ಪ ನಕ್ಷೆಯ ಮೇಲಂಚಿನಿಂದ ಗೋಡೆಗೇ ಸೀಮೆಸುಣ್ಣದಲ್ಲಿ ಕಡಲಿನ ಗೆರೆಯನ್ನು ಮುಂದುವರಿಸಿದರಂತೆ. ನಕ್ಷೆಯೊಳಗಿನ ಚಂದ್ರಗಿರಿ, ಶಿರಿಯ ಹೊಳೆಗಳಿಂದ ಹೊರಟು ನೇತ್ರಾವತಿ, ಶಾಂಭವಿ, ಸ್ವರ್ಣಾ, ಸೀತಾ ಎಂದು ಒಂದೊಂದೇ ನದಿಯನ್ನು ಬರೆದು, ಕುಂದಾಪುರದ ಹೊಳೆಗಳನ್ನು ದಾಟಿ, ಸೌಪರ್ಣಿಕಾದ ಬಳಿ ಒಂದು ಚುಕ್ಕೆ ಇಟ್ಟು, "ನೋಡಿ ಮಕ್ಕಳೇ, ಹೊಳೆ ಎಣಿಸಿಕೊಂಡು ಹೋದರೆ ಸಿಗುತ್ತದೆ" ಎಂದರಂತೆ. ಗೋಡೆಯಲ್ಲಿದ್ದ ಆ ಗೆರೆ ಮುಂದಿನ ಸುಣ್ಣ ಬಳಿಯುವವರೆಗೆ ಹಾಗೆಯೇ ಇತ್ತು ಎಂದು ಅಪ್ಪನ ಶಿಷ್ಯರೊಬ್ಬರು ನಮ್ಮ ಬ್ಯಾಂಕಿಗೆ ಬಂದಾಗ ಈಗಲೂ ನೆನಪಿಸುತ್ತಾರೆ.

ಆ ಮೇಲಿನ ಚಳಿಗಾಲಗಳಲ್ಲಿ ನಮ್ಮ ಕಡೆಯ ಕೊಯ್ಲಾದ ಗದ್ದೆಗಳಲ್ಲಿ ಶಟ್ಲ್ ಹೆಚ್ಚಿತು ಎಂದೂ ಅವರೇ ಹೇಳುತ್ತಿದ್ದರು. ನಾನು ಕಂಡದ್ದು ಅದರ ಮುಂದಿನ ದಿನಗಳನ್ನು. ಎರಡು ಕಂಗಿನ ಕಂಬ, ನಡುವೆ ಬಲೆ, ನೆಲದಲ್ಲಿ ಸುಣ್ಣದ ಗೆರೆ, ಹತ್ತಿರದ ಮನೆಯಿಂದ ಎಳೆದ ವಯರಿನ ತುದಿಯಲ್ಲಿ ಬಲ್ಬು. ಕಡಲಗಾಳಿ ಇಳಿದ ಮೇಲೆ ಆಟ, ಹಾಗಾಗಿ ರಾತ್ರಿ ಹತ್ತಾದರೂ ಮುಗಿಯುತ್ತಿರಲಿಲ್ಲ. ಒಬ್ಬ ತುಳುವಿನಲ್ಲಿ ಬೈದರೆ ಇನ್ನೊಬ್ಬ ಮಲಯಾಳದಲ್ಲಿ ಉತ್ತರಿಸುತ್ತಿದ್ದ. ಅಂಕ ಎಣಿಸುವುದು ಮಾತ್ರ ಇಂಗ್ಲಿಷಿನಲ್ಲಿ.

ಪಟ್ಟಿ ಮುಂದುವರಿಯುತ್ತದೆ

ಅಭಿಮಾನದಲ್ಲಿ ಲೆಕ್ಕ ತಪ್ಪಬಾರದು. 1980ರಲ್ಲಿ ಚೀನಾ ಅಂತಾರಾಷ್ಟ್ರೀಯ ಸಂಸ್ಥೆಯ ಹೊರಗಿತ್ತು. ಅದರ ಆಟಗಾರರು ವೆಂಬ್ಲಿಯಲ್ಲಿ ಇರಲಿಲ್ಲ. ಅವರು ಇದ್ದಿದ್ದರೆ ಎಂದು ಕೇಳುವವರಿದ್ದರು. ಅದಕ್ಕೆ ಪ್ರಕಾಶ್ 1981ರಲ್ಲಿ ಉತ್ತರ ಕೊಟ್ಟರು. ಕೌಲಾಲಂಪುರದ ವಿಶ್ವಕಪ್ ಫೈನಲಿನಲ್ಲಿ ಚೀನಾದ ಹಾನ್ ಜಿಯಾನ್ ಎದುರು 15-0, 18-16. ಅದೇ ವರ್ಷ ಆಲ್ ಇಂಗ್ಲೆಂಡ್ ಫೈನಲಿನಲ್ಲಿ ಕಿಂಗ್ ಸೇಡು ತೀರಿಸಿಕೊಂಡರು. ಮೊದಲ ಗೇಮ್ ಗೆದ್ದ ಪ್ರಕಾಶ್ ಮುಂದಿನ ಎರಡನ್ನು ಸೋತರು. 1983ರಲ್ಲಿ ಲುವಾನ್ ಜಿನ್ ಗೆದ್ದು ಚೀನಾದ ಹೆಸರುಗಳು ಪಟ್ಟಿಗೆ ಬರತೊಡಗಿದವು. ಡೆನ್ಮಾರ್ಕಿನ ಮಾರ್ಟನ್ ಫ್ರಾಸ್ಟ್ 1982ರಿಂದ 1987ರೊಳಗೆ ನಾಲ್ಕು ಬಾರಿ ಗೆದ್ದರು. ಈ ಶತಮಾನದಲ್ಲಿ ಚೀನಾದ ಲಿನ್ ಡಾನ್ ಆರು ಬಾರಿ, ಮಲೇಷ್ಯಾದ ಲೀ ಚಾಂಗ್ ವೇ ನಾಲ್ಕು ಬಾರಿ.

ಪ್ರಕಾಶ್ 1991ರಲ್ಲಿ ಸ್ಪರ್ಧೆಗಳಿಂದ ನಿವೃತ್ತರಾದರು. 1994ರಲ್ಲಿ ಬೆಂಗಳೂರಿನಲ್ಲಿ ಬ್ಯಾಡ್ಮಿಂಟನ್ ಅಕಾಡೆಮಿ ಕಟ್ಟಿದರು. ಅಂಗಣ ಸಿಗದೆ ಮದುವೆ ಹಾಲಿನ ಬಾಗಿಲಲ್ಲಿ ಕಾದ ಹುಡುಗ ದೊಡ್ಡವನಾಗಿ ಮಾಡಬೇಕಾದ ಕೆಲಸ ಅದುವೇ ಆಗಿತ್ತು. ಈ ಕೆಲಸದಲ್ಲಿ ಆರಂಭದಿಂದ ಅವರ ಜತೆ ನಿಂತವರು ಯು. ವಿಮಲ್ ಕುಮಾರ್, ತಿರುವನಂತಪುರದಲ್ಲಿ ಹುಟ್ಟಿದ ಮಲಯಾಳಿ, ತಾವೂ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು. ಎರಡು ಭಾಷೆಯಲ್ಲಿ ಹೊರಬರುವ ಈ ಸಂಚಿಕೆಯಲ್ಲಿ ಇದನ್ನು ಹೇಳಲು ನನಗೆ ಸಂತೋಷವಾಗುತ್ತದೆ.

2001ರಲ್ಲಿ ಆಂಧ್ರದ ಪುಲ್ಲೇಲ ಗೋಪಿಚಂದ್ ಬರ್ಮಿಂಗ್‌ಹ್ಯಾಮಿನಲ್ಲಿ ಚೀನಾದ ಚೆನ್ ಹಾಂಗ್ ಎದುರು 15-12, 15-6ರಲ್ಲಿ ಗೆದ್ದು ಪಟ್ಟಿಯಲ್ಲಿ ಎರಡನೆಯ ಭಾರತೀಯರಾದರು. ಇವರೂ ಕೆಲಕಾಲ ಪ್ರಕಾಶರ ಅಕಾಡೆಮಿಯಲ್ಲಿ ಕಲಿತವರು. 2022ರ ಮಾರ್ಚಿನಲ್ಲಿ ಫೈನಲಿಗೆ ಬಂದು ಡೆನ್ಮಾರ್ಕಿನ ವಿಕ್ಟರ್ ಆಕ್ಸೆಲ್ಸನ್ ಎದುರು ಸೋತ ಲಕ್ಷ್ಯ ಸೇನ್ ಹುಟ್ಟಿದ್ದು ಹಿಮಾಲಯದ ಅಲ್ಮೋರಾದಲ್ಲಿ, ಎಳೆವಯಸ್ಸಿನಿಂದ ಕಲಿತದ್ದು ಅದೇ ಅಕಾಡೆಮಿಯಲ್ಲಿ. ಅದಾಗಿ ಎರಡೇ ತಿಂಗಳಲ್ಲಿ, ಮೇ 15ರಂದು, ಬ್ಯಾಂಕಾಕಿನಲ್ಲಿ ಭಾರತ ಮೊದಲ ಬಾರಿ ಥಾಮಸ್ ಕಪ್ ಗೆದ್ದಿತು. 1920ರ ಚಾಂಪಿಯನ್ ಕೊಟ್ಟ ಅದೇ ಬಟ್ಟಲು. ಕ್ವಾರ್ಟರ್ ಫೈನಲಿನಲ್ಲಿಯೂ ಸೆಮಿಫೈನಲಿನಲ್ಲಿಯೂ ಎರಡೆರಡು ಸಮವಾಗಿ ನಿಂತಾಗ ಕೊನೆಯ ಪಂದ್ಯ ಗೆದ್ದುಕೊಟ್ಟವರು ಕೇರಳದ ಎಚ್. ಎಸ್. ಪ್ರಣಯ್. ಇಂಡೋನೇಷ್ಯಾದ ಎದುರು ಫೈನಲಿನ ಮೊದಲ ಪಂದ್ಯ ಗೆದ್ದವರು ಲಕ್ಷ್ಯ ಸೇನ್. ತಂಡದ ಜತೆ ತರಬೇತುದಾರರಾಗಿ ಇದ್ದವರು ವಿಮಲ್ ಕುಮಾರ್. ಅಂದು ನಮ್ಮ ಶಾಖೆಯ ಮಲಯಾಳಿ ಸಹೋದ್ಯೋಗಿಯೊಬ್ಬರು ಮೇಜಿನ ಮೇಲೆ ಲಡ್ಡು ಇಟ್ಟು, "ನಿಮ್ಮ ಪಡುಕೋಣೆ, ನಮ್ಮ ಪ್ರಣಯ್, ಲೆಕ್ಕ ಸರಿಯಾಯಿತು" ಎಂದರು. ನಾನು ಆ ಲೆಕ್ಕಕ್ಕೆ ತಕರಾರು ಹೇಳಲಿಲ್ಲ.

ನಮ್ಮ ಸಭಾಭವನದ ಪ್ರಶ್ನೆ

ಈಗ ಆರಂಭದಲ್ಲಿ ಹೇಳಿದ ಕಾರಣಕ್ಕೆ ಬರುತ್ತೇನೆ. ನಮ್ಮ ಊರಿನಲ್ಲಿ ಒಂದು ಕನ್ನಡ ಸಂಘವಿದೆ. ಹಿರಿಯರು ಅಡಿಕೆ ಮಾರಿದ ಹಣದಿಂದ ಕಟ್ಟಿಸಿದ ಒಂದು ಸಭಾಭವನವಿದೆ. ವರ್ಷದಲ್ಲಿ ಕೆಲವು ಮದುವೆ, ಒಂದು ತಾಳಮದ್ದಳೆ, ನವೆಂಬರಿನಲ್ಲಿ ರಾಜ್ಯೋತ್ಸವ. ಉಳಿದ ದಿನ ಬೀಗ. ಗದ್ದೆಗಳು ತೋಟಗಳಾಗಿ, ತೋಟಗಳು ಸೈಟುಗಳಾಗಿ ಮಕ್ಕಳಿಗೆ ಆಡಲು ಜಾಗವಿಲ್ಲ. ಹಾಲಿನೊಳಗೆ ಶಟ್ಲ್ ಅಂಗಣದ ಗೆರೆ ಎಳೆಯಲು ಅನುಮತಿ ಬೇಕೆಂದು ಮಕ್ಕಳು ಅರ್ಜಿ ಕೊಟ್ಟಿದ್ದಾರೆ. ಅಂಗಣಕ್ಕೆ ಬೇಕಾದದ್ದು 44 ಅಡಿ ಉದ್ದ, 20 ಅಡಿ ಅಗಲ. ನಾನೇ ಟೇಪು ಹಿಡಿದು ಅಳೆದಿದ್ದೇನೆ, ಸಾಲುತ್ತದೆ.

ಸಮಿತಿಯಲ್ಲಿ ಎರಡು ಅಭಿಪ್ರಾಯಗಳಿವೆ. ನೆಲ ಹಾಳಾಗುತ್ತದೆ, ವೇದಿಕೆಯ ಪರದೆ ಹರಿಯುತ್ತದೆ ಎಂಬುದಕ್ಕೆ ಉತ್ತರ ಹೇಳಬಹುದು. ಆದರೆ ನಾನು ಗೌರವಿಸುವ ಹಿರಿಯರೊಬ್ಬರು ಕೇಳಿದ ಪ್ರಶ್ನೆ ಹಗುರದ್ದಲ್ಲ: "ಆಡಲು ಬರುವ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಕನ್ನಡ ಓದುವವರಲ್ಲ. ಒಳಗೆ ಕೇಳಿಸುವುದು ಮಲಯಾಳ. ಮತ್ತೆ ಇದಕ್ಕೆ ಕನ್ನಡ ಸಂಘ ಎಂಬ ಬೋರ್ಡು ಯಾಕೆ?" ಅವರ ಆತಂಕ ನನಗೆ ಅರ್ಥವಾಗುತ್ತದೆ. ದಿನವೂ ಅರ್ಜಿಗಳಲ್ಲಿ ಹೆಸರು ಬರೆಯುವವನು ನಾನು. ಕುಂಬಳೆ ಕುಂಬಳವಾಗಿ, ಮಂಜೇಶ್ವರ ಮಂಜೇಶ್ವರಂ ಆಗಿ ಬಂದಾಗ ನನ್ನ ಪೆನ್ನೂ ಒಂದು ಕ್ಷಣ ನಿಲ್ಲುತ್ತದೆ. ನನ್ನ ಸ್ವಂತ ಮನೆಹೆಸರು ಒಂದು ಸರ್ಟಿಫಿಕೇಟಿನಲ್ಲಿ ತಪ್ಪಾಗಿ ಬಂದು, ಸರಿಪಡಿಸಲು ಒಂದು ವರ್ಷ ಓಡಾಡಿದವನು ನಾನು.

ಆದರೂ ಪಟ್ಟಿಯನ್ನು ಓದಿದ ಮೇಲೆ ನನ್ನ ಮತ ಮಕ್ಕಳ ಕಡೆಗಿದೆ. ಪಡುಕೋಣೆ ಎಂಬ ಊರಿನ ಹೆಸರು ವೆಂಬ್ಲಿಯವರೆಗೆ ಹೋದದ್ದು ಯಾರೋ ಬೋರ್ಡನ್ನು ಕಾದದ್ದರಿಂದಲ್ಲ. ಪರಊರಿನಲ್ಲಿ ಕೆಲವೇ ಮಂದಿಯಾಗಿದ್ದ ಕರಾವಳಿಯವರು ಒಂದು ಸೂರು ಕಟ್ಟಿದರು, ಅದರ ಬಾಗಿಲನ್ನು ಮಕ್ಕಳಿಗೆ ತೆರೆದಿಟ್ಟರು. ಬೋರ್ಡು ಬೇಡವೆಂದು ನಾನು ಹೇಳುವುದಿಲ್ಲ. ಬೋರ್ಡು ಇರಲಿ, ಕನ್ನಡದಲ್ಲಿಯೇ ಇರಲಿ; ಅಂಗಣದ ನಿಯಮಗಳನ್ನೂ ಕನ್ನಡದಲ್ಲಿ ಬರೆದು ತೂಗಿಸೋಣ, ಅಂಕವನ್ನು ಒಂದು ಎರಡು ಎಂದೇ ಎಣಿಸಲಿ. ಮಲಯಾಳಿ ಮಗುವೊಂದು ಆಟದ ನೆಪದಲ್ಲಿ ಇಪ್ಪತ್ತೊಂದರವರೆಗೆ ಕನ್ನಡದಲ್ಲಿ ಎಣಿಸಲು ಕಲಿತರೆ ಅದು ರಾಜ್ಯೋತ್ಸವದ ಭಾಷಣಕ್ಕಿಂತ ಕಡಿಮೆಯ ಕೆಲಸವಲ್ಲ. ಬೀಗ ಹಾಕಿದ ಹಾಲಿನೊಳಗೆ ಯಾವ ಭಾಷೆಯೂ ಉಳಿಯುವುದಿಲ್ಲ.

ನಮ್ಮ ಹಾಲಿನಿಂದ ಚಾಂಪಿಯನ್ ಬರುತ್ತಾನೆ ಎಂದು ನಾನು ಹೇಳಲಾರೆ. ನೂರಾರು ಹಾಲುಗಳಲ್ಲಿ ಒಂದರಿಂದ ಒಬ್ಬ ಬರುತ್ತಾನೆ. ಯಾವುದರಿಂದ ಎಂದು ಮೊದಲೇ ತಿಳಿಯುವುದಿಲ್ಲ. ಬರುವ ತಿಂಗಳು ಸಮಿತಿಯ ಸಭೆ ಇದೆ. ಅಪ್ಪನ ನೋಟುಪುಸ್ತಕವನ್ನು ಸಭೆಗೆ ಕೊಂಡುಹೋಗಬೇಕೆಂದಿದ್ದೇನೆ. ಮೊದಲ ಸಾಲಿನಲ್ಲಿ ಕವಾಯತಿನ ಹಾಲು, ಕೆಂಪು ಗೆರೆಯ ಸಾಲಿನಲ್ಲಿ ಮದುವೆಯ ಹಾಲು. ಸದಸ್ಯರು ನೋಡಿ ನಿರ್ಧರಿಸಲಿ. ಮಗಳು ಮಾತ್ರ ನಿರ್ಧಾರಕ್ಕೆ ಕಾಯುತ್ತಿಲ್ಲ. ಅಂಗಳದಲ್ಲಿ ಎರಡು ಕಂಗಿನ ಕಂಬ ನೆಟ್ಟು ಕೊಡು ಎಂದು ನಿನ್ನೆಯಿಂದ ಹಠ ಹಿಡಿದಿದ್ದಾಳೆ.